ಬೇಚರಾಕ್: ದೀಪವಿಲ್ಲದ ಊರು

ಜನರೆಲ್ಲ ಬಿಟ್ಟುಹೋದರೂ ಕಂದಾಯ ದಾಖಲೆಯಲ್ಲಿ ಹೆಸರು ಉಳಿಸಿಕೊಂಡಿರುವ ಊರಿಗೆ ಕರ್ನಾಟಕದ ಆಡಳಿತ ಭಾಷೆಯಲ್ಲಿ ಬೇಚರಾಕ್ ಗ್ರಾಮ ಎನ್ನುತ್ತಾರೆ. ಪದ ಪಾರಸಿ ಮೂಲದ್ದು. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಸಂಜೆ ದೀಪ ಹಚ್ಚುವವರಿಲ್ಲದ ಊರು ಎಂಬ ಈ ಅರ್ಥ ಸರ್ಕಾರಿ ಪದಗಳಲ್ಲಿ ಅಪರೂಪದ್ದು, ಮನಸ್ಸಿಗೆ ತಟ್ಟುವಂಥದ್ದು.

ಬೇಚರಾಕ್ ಎಂದರೆ ಬರಡು ನೆಲವೆಂದಲ್ಲ. ಆ ಗ್ರಾಮಕ್ಕೆ ತನ್ನದೇ ಗಡಿ, ನಕಾಶೆ, ಸರ್ವೆ ನಂಬರುಗಳಿರುತ್ತವೆ. ಪಕ್ಕದ ಊರಿನವರು ಅಲ್ಲಿ ಜೋಳ, ತೊಗರಿ ಬೆಳೆಯುತ್ತಾರೆ. ಅವರ ಪಹಣಿಯಲ್ಲಿ ಬರುವುದು ಬಿಟ್ಟುಹೋದ ಊರಿನ ಹೆಸರೇ. ಜನಗಣತಿಯ ಪಟ್ಟಿಯಲ್ಲೂ ಇಂಥ ಊರು ಇರುತ್ತದೆ, ಜನಸಂಖ್ಯೆಯ ಜಾಗದಲ್ಲಿ ಮಾತ್ರ ಸೊನ್ನೆ. ಬರ, ಪ್ಲೇಗು, ಕಾಲರಾ, ನೀರಿನ ಅಭಾವ, ದಂಡಿನ ಹಾವಳಿ ಹೀಗೆ ಊರು ಬಿಡಲು ಕಾರಣಗಳು ಹಲವು. ಜಮೀನಿನ ನಡುವೆ ಸಿಗುವ ಬೂದಿಮಣ್ಣಿನ ದಿಬ್ಬ, ಮಡಕೆಚೂರು, ವೀರಗಲ್ಲು, ಹೂಳು ತುಂಬಿದ ಬಾವಿ ಅಲ್ಲಿ ಒಂದು ಕಾಲಕ್ಕೆ ಮನೆಗಳಿದ್ದುದನ್ನು ತೋರಿಸುತ್ತವೆ. ಎಷ್ಟೋ ಕಡೆ ಹನುಮಪ್ಪನ ಗುಡಿ ಹಾಗೇ ನಿಂತಿದ್ದು, ವಲಸೆ ಹೋದ ಮನೆತನದವರು ವರ್ಷಕ್ಕೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಾರೆ.

ಆಡುಮಾತಿನಲ್ಲಿ ಇದೇ ‘ಹಾಳೂರು’. ಹಳಗನ್ನಡದ ‘ಪಾೞ್’ ಹೊಸಗನ್ನಡದಲ್ಲಿ ಹಾಳು ಆಗಿದೆ. ಪಾಳುಮನೆ, ಪಾಳುಬಾವಿ ಎನ್ನುವಾಗ ಹಳೆಯ ಪಕಾರ ಇನ್ನೂ ಕೇಳಿಸುತ್ತದೆ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯೂ ಇಲ್ಲಿಯದೇ. ಆದರೆ ಹಾಳು ಎಂಬುದು ಕೆಟ್ಟದ್ದಕ್ಕೂ ಬೈಗುಳಕ್ಕೂ ಹರಡಿಕೊಂಡಿತು. ಬೇಚರಾಕ್ ಹಾಗಲ್ಲ, ಅದು ಬಿಟ್ಟುಹೋದ ಊರಿಗೆ ಮಾತ್ರ ಸಲ್ಲುತ್ತದೆ.