ಹಳಿಯ ಪಕ್ಕದ ಏಡಿ

ಧನುಷ್ಕೋಡಿಯ ಹಾಳು ನಿಲ್ದಾಣದಿಂದ ಪಾಂಬನ್ ಕಡೆಗೆ ನಡೆದರೆ, ಗಾಳಿ ಮರಳನ್ನು ಸರಿಸಿದ ಕಡೆಯಲ್ಲಿ ಹಳಿಯೊಂದು ಮೊಳದುದ್ದ ಹೊರಬಂದಿದೆ. ಮೇಲ್ಪದರ ಕಗ್ಗೆಂಪು. ಉಗುರು ತಾಗಿದರೆ ಹಕ್ಕಳೆ ಏಳುತ್ತದೆ, ಅದರಡಿಯ ತುಕ್ಕು ಅರಿಶಿನ ಬೆರೆತ ಕಾವಿ. ಅಡುಂಬು ಬಳ್ಳಿ ಅದನ್ನು ದಾಟಿ ಹಬ್ಬಿದೆ. ಎಲೆಗಳು ಮೇಕೆಯ ಗೊರಸಿನಂತೆ ಸೀಳಿವೆ, ಬೆಳಗಿನ ನಸುನೇರಳೆ ಹೂಗಳು ಬಿಸಿಲೇರಿದಂತೆ ಮುದುಡುತ್ತವೆ.

ಹಳಿ ಮರಳಿನೊಳಗೆ ಮರೆಯಾಗುವಲ್ಲಿಂದ ಒಂದಿಷ್ಟು ದೂರದಲ್ಲಿ ಮರಳೇಡಿಯ ಬಿಲ. ಅಲುಗದೆ ಕೂತೆ. ಮೊದಲು ಕಂಡದ್ದು ದಂಟಿನ ತುದಿಯ ಎರಡು ಕಣ್ಣು, ಬಹಳ ಹೊತ್ತಿನ ಮೇಲೆ ಹುಲ್ಲುಬಣ್ಣದ ಮೈ. ಒಂದು ಬದಿಯ ಕಾಲುಗಳಲ್ಲಿ ಹಸಿಮರಳಿನ ಮುದ್ದೆ ಅವುಚಿಕೊಂಡು ಅಡ್ಡಡ್ಡ ಬಂದು, ತಟ್ಟನೆ ಎಸೆದು, ಕ್ಷಣ ನಿಂತು, ಒಳಗಿಳಿಯಿತು. ಮತ್ತೆ ಬಂತು, ಮತ್ತೆ ಎಸೆಯಿತು. ಮೋಡದ ನೆರಳು ಹಾದಾಗ ಮಾತ್ರ ಹೊರಬರಲು ತಡಮಾಡಿತು. ಸುತ್ತಲಿನ ಬಿಲಗಳ ಬಾಯಲ್ಲಿ ಬಿದ್ದದ್ದು ಮಾಸಲು ಬಿಳಿ ಮರಳು. ಇದರ ಗುಡ್ಡೆಯಲ್ಲಿ ಕಾವಿಯ ಚೂರುಗಳಿದ್ದವು. ಅಂದರೆ ಹಳಿ ಮರಳಿನಡಿಯಲ್ಲಿ ಮುಂದುವರಿದಿದೆ.

1914ರಿಂದ ಮದರಾಸಿನ ಬೋಟ್ ಮೇಲ್ ರೈಲು ಇಲ್ಲಿಗೆ ಬರುತ್ತಿತ್ತು. ಪ್ರಯಾಣಿಕರು ಹಡಗೇರಿ ಸಿಲೋನಿನ ತಲೈಮನ್ನಾರ್‌ಗೆ ಹೋಗುತ್ತಿದ್ದರು. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತ 653ನೇ ಪ್ಯಾಸೆಂಜರ್ ರೈಲನ್ನು ಜನರ ಸಮೇತ ಕೊಂಡೊಯ್ದಿತು. ಪಾಂಬನ್ ಸೇತುವೆಯನ್ನು ದುರಸ್ತಿ ಮಾಡಿದರು, ಈ ಮಾರ್ಗವನ್ನು ಹಾಗೇ ಬಿಟ್ಟರು.

ಜನರೇ ಕೂಡಿ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಂಥ ಮಾರ್ಗಗಳಿಗೆ ಮೂರು ಗುರುತುಗಳಿವೆ: ಹಳಿಯಿದ್ದೂ ರೈಲು ಓಡದಿದ್ದರೆ ಒಂದು, ಹಳಿ ಹೋಗಿ ಜಾಡು ಉಳಿದಿದ್ದರೆ ಇನ್ನೊಂದು, ಜಾಡೂ ಅಳಿದಿದ್ದರೆ ಮತ್ತೊಂದು. ಮೂರನೆಯದನ್ನು ನಕ್ಷೆಯಲ್ಲಿ ಇಡಬೇಕೇ ಎಂಬ ಜಗಳ ಹಳೆಯದು. ನೆಲದ ಮೇಲೆ ಕಾಣುವುದನ್ನೇ ಬರೆಯಿರಿ ಎನ್ನುತ್ತದೆ ಅಲ್ಲಿನ ನಿಯಮ. ಒಳ್ಳೆಯ ನಿಯಮವೇ, ನೆಲ ಒಂದೆಡೆ ನಿಲ್ಲುವ ಊರುಗಳಿಗೆ. ಇಲ್ಲಿ ಒಂದು ಮಳೆಗಾಲ ಹಳಿಯನ್ನು ತೋರಿಸಿದರೆ ಇನ್ನೊಂದು ಮುಚ್ಚುತ್ತದೆ.

ಸಮುದ್ರ ನುಂಗಿದ ಭಾಗಕ್ಕೆ ಗೆರೆ ಎಳೆಯುವುದು ನನಗೂ ಒಪ್ಪಿಗೆಯಿಲ್ಲ. ಅದಕ್ಕೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಬೇರೆಯೇ ನಕ್ಷೆಯಿದೆ. ಮರಳಿನಡಿಯ ತುಂಡಿನ ಮಾತು ಬೇರೆ. ಅದನ್ನು ಅಳಿಸಲು ಹೊರಟವರು ಉಪಗ್ರಹದ ಚಿತ್ರವನ್ನಷ್ಟೇ ನೋಡದೆ ಬಿಲಗಳ ಬಾಯನ್ನೂ ನೋಡಿ ಬರಲಿ. ಬೆಳಗಿನ ಹೊತ್ತು ಒಳ್ಳೆಯದು, ಏಡಿಗಳು ಆಗಷ್ಟೇ ತೋಡಿ ಮುಗಿಸಿರುತ್ತವೆ.