ಸಿಖ್ಖರಿಗೆ ಕಲ್ಲುಸಕ್ಕರೆ, ಗೂರ್ಖಾಗಳಿಗೆ ಸಿಗರೇಟ್: ಯುದ್ಧಭೂಮಿಗೆ ಹೋದ ಹಿತ್ತಾಳೆ ಡಬ್ಬಿಯ ಕಥೆ

1914ರ ಕ್ರಿಸ್‌ಮಸ್. ಫ್ರಾನ್ಸ್ ಮತ್ತು ಬೆಲ್ಜಿಯಂನ ಕೆಸರು ತುಂಬಿದ ಕಂದಕಗಳಲ್ಲಿದ್ದ ಬ್ರಿಟಿಷ್ ಸೈನಿಕರ ಕೈಗೆ ಪುಟ್ಟ ಹಿತ್ತಾಳೆ ಡಬ್ಬಿಯೊಂದು ಬಂತು. ಮುಚ್ಚಳದ ಮೇಲೆ ದೊರೆ 5ನೇ ಜಾರ್ಜ್ ಅವರ ಮಗಳು, 17 ವರ್ಷದ ರಾಜಕುಮಾರಿ ಮೇರಿಯ ಉಬ್ಬುಚಿತ್ರ. ಜತೆಗೆ ಒಂದು ಔನ್ಸ್ ತಂಬಾಕು, 20 ಸಿಗರೇಟ್, ಪೈಪ್, ಲೈಟರ್ ಮತ್ತು ಶುಭಾಶಯ ಪತ್ರ. ರಾಜಕುಮಾರಿಯ ಹೆಸರಿನಲ್ಲಿ ಸಾರ್ವಜನಿಕರಿಂದ ಸಂಗ್ರಹಿಸಿದ ಹಣದಲ್ಲಿ ಈ ಉಡುಗೊರೆ ಸಿದ್ಧವಾಗಿತ್ತು.

ಆದರೆ ಆ ಕಂದಕಗಳಲ್ಲಿ ಬ್ರಿಟಿಷರಷ್ಟೇ ಇರಲಿಲ್ಲ. ಸೆಪ್ಟೆಂಬರ್ ಕೊನೆಯಿಂದಲೇ ಭಾರತೀಯ ತುಕಡಿಗಳು ಫ್ರಾನ್ಸ್‌ನ ಮಾರ್ಸೇಲ್ಸ್ ಬಂದರಿಗೆ ಬಂದಿಳಿಯತೊಡಗಿದ್ದವು. ಸಿಖ್ಖರಿಗೆ ತಂಬಾಕು ನಿಷಿದ್ಧ. ಹಾಗಾಗಿ ಸಮಿತಿ ಅವರ ಡಬ್ಬಿಗೆ ಕಲ್ಲುಸಕ್ಕರೆ ತುಂಬಿಸಿ, ಜತೆಗೆ ಮಸಾಲೆಯ ಡಬ್ಬಿ ಇಟ್ಟಿತು. ಗೂರ್ಖಾಗಳಿಗೆ ಬ್ರಿಟಿಷರಿಗೆ ಕೊಟ್ಟದ್ದೇ. ಉಳಿದ ಭಾರತೀಯ ಸೈನಿಕರಿಗೆ ಸಿಗರೇಟ್, ಕಲ್ಲುಸಕ್ಕರೆ, ಮಸಾಲೆ ಮೂರೂ. ನೀರು ಹೊರುವ ಭಿಸ್ತಿಗಳೂ ಸೇರಿದಂತೆ ಸೇನೆಯ ಹಿಂದೆ ದುಡಿಯುವವರಿಗೆ ಮಸಾಲೆ ಮತ್ತು ಪತ್ರ ಮಾತ್ರ. ಧರ್ಮವನ್ನು ಗಮನದಲ್ಲಿಟ್ಟುಕೊಂಡ ಉಡುಗೊರೆ ಅಂತಸ್ತನ್ನೂ ಮರೆಯಲಿಲ್ಲ!

ಎಲ್ಲರಿಗೂ ಡಬ್ಬಿ ತಲುಪಿಸುವುದು ಸುಲಭವಾಗಿರಲಿಲ್ಲ. ಲೈಟರ್ ಸಾಕಾಗದೆ ಪೆನ್ಸಿಲ್, ಚಾಕು, ಬಾಚಣಿಗೆಯಂಥ ವಸ್ತುಗಳನ್ನು ಕೊಡಬೇಕಾಯಿತು. ಹಿತ್ತಾಳೆ ಮದ್ದುಗುಂಡಿಗೂ ಬೇಕಿತ್ತು. ಅಮೆರಿಕದಿಂದ ತರಿಸಿದ ಹಿತ್ತಾಳೆಯ ದೊಡ್ಡ ಸರಕು 1915ರ ಮೇನಲ್ಲಿ ಲುಸಿಟಾನಿಯಾ ಹಡಗಿನ ಜತೆ ಸಮುದ್ರದ ಪಾಲಾಯಿತು. ಆದರೂ ಒಟ್ಟಾರೆ 25 ಲಕ್ಷಕ್ಕೂ ಹೆಚ್ಚು ಡಬ್ಬಿಗಳು ಹಂಚಿಕೆಯಾದವು.

ಇಷ್ಟೊಂದು ಶ್ರಮ ಏಕೆ? ಯುದ್ಧವೆಂದರೆ ಹೆಚ್ಚಿನ ಹೊತ್ತು ಕಾಯುವುದು. ಡಬ್ಬಿ ಮಾಂಸ, ಕಲ್ಲಿನಂಥ ಬಿಸ್ಕತ್ತು, ಒದ್ದೆ ಕಾಲು, ಪಕ್ಕದಲ್ಲೇ ಶವ. ಅಲ್ಲಿ ಸಿಗರೇಟ್ ಹಸಿವನ್ನು ಮಂದ ಮಾಡುತ್ತಿತ್ತು, ದುರ್ವಾಸನೆಯನ್ನು ಒಂದಿಷ್ಟು ಮರೆಸುತ್ತಿತ್ತು. ಊರಿನ ಮಸಾಲೆಯ ಘಮವೂ ಅಷ್ಟೇ ಕೆಲಸ ಮಾಡಿದ್ದರೆ ಆಶ್ಚರ್ಯವಿಲ್ಲ. ಅಪಾಯವೂ ಇತ್ತು: ಕತ್ತಲಲ್ಲಿ ಸಿಗರೇಟಿನ ಕೆಂಡ ಶತ್ರುವಿಗೆ ಗುರಿ ತೋರಿಸುತ್ತಿತ್ತು. ಒಂದೇ ಕಡ್ಡಿಯಿಂದ ಮೂವರು ಹಚ್ಚಿಕೊಂಡರೆ ಮೂರನೆಯವನಿಗೆ ಸಾವು ಎಂಬ ನಂಬಿಕೆ ಸೈನಿಕರಲ್ಲಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಸಿಗರೇಟ್ ಉಡುಗೊರೆಯಾಗಿ ಉಳಿಯಲಿಲ್ಲ, ಪಡಿತರವಾಯಿತು. ಅಮೆರಿಕನ್ ಸೈನಿಕರ ‘ಕೆ ರೇಷನ್’ ಪೊಟ್ಟಣದಲ್ಲಿ ಊಟದ ಜತೆಗೇ ಸಿಗರೇಟ್ ಬರುತ್ತಿತ್ತು. ಜರ್ಮನಿಯ ಯುದ್ಧಕೈದಿಗಳ ಶಿಬಿರಗಳಲ್ಲಂತೂ ಅದೇ ಹಣ. ಸ್ವತಃ ಕೈದಿಯಾಗಿದ್ದ ಅರ್ಥಶಾಸ್ತ್ರಜ್ಞ ಆರ್.ಎ. ರಾಡ್‌ಫರ್ಡ್ 1945ರಲ್ಲಿ ಈ ಬಗ್ಗೆ ಬರೆದ ಲೇಖನ ಪ್ರಸಿದ್ಧ. ರೆಡ್ ಕ್ರಾಸ್ ಪೊಟ್ಟಣದಲ್ಲಿ ಬಂದ ಬೆಣ್ಣೆ, ಜಾಮ್ ಎಲ್ಲಕ್ಕೂ ಸಿಗರೇಟ್ ಲೆಕ್ಕದಲ್ಲೇ ಬೆಲೆ. ವಾಯುದಾಳಿಯ ರಾತ್ರಿಗಳಲ್ಲಿ ಜನ ಹೆಚ್ಚು ಸೇದುತ್ತಿದ್ದರು. ‘ಹಣ’ ಹೊಗೆಯಾಗಿ ಬೆಲೆಗಳು ಇಳಿಯುತ್ತಿದ್ದವು. ಉರ್ದು ಬಲ್ಲ ಒಬ್ಬ ಕೈದಿ ಸಿಖ್ ಕೈದಿಗಳಿಂದ ಮಾಂಸ ಕೊಂಡು, ಅವರಿಗೆ ಬೆಣ್ಣೆ, ಜಾಮ್ ಮಾರಿ ಲಾಭ ಮಾಡಿಕೊಂಡ ಪ್ರಸಂಗವೂ ಅದರಲ್ಲಿದೆ.

ಮನೆಯಲ್ಲಿ ಎಂದೂ ಸೇದದ ಎಷ್ಟೋ ಹುಡುಗರು ಸೇನೆಯಲ್ಲಿ ಪುಕ್ಕಟೆ ಸಿಕ್ಕಿದ್ದರಿಂದ ಚಟ ಹತ್ತಿಸಿಕೊಂಡು ಮರಳಿದರು. ಯುದ್ಧ ಮುಗಿದು ಐದು ವರ್ಷಕ್ಕೆ, 1950ರಲ್ಲಿ, ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ತೋರಿಸಿದರು. ಆದರೂ ಅಮೆರಿಕನ್ ಸೇನೆ ತನ್ನ ಪಡಿತರದಿಂದ ಸಿಗರೇಟ್ ತೆಗೆದದ್ದು 1975ರಲ್ಲಿ.

ಮೇರಿಯ ಡಬ್ಬಿಯಲ್ಲಿದ್ದುದನ್ನು ಕೆಲವು ಸೈನಿಕರು ಮುಟ್ಟಲೇ ಇಲ್ಲ. ಹಾಗೆಯೇ ಮನೆಗೆ ಕಳುಹಿಸಿದರು. ಸಿಗರೇಟ್, ತಂಬಾಕು ಸಮೇತ ಉಳಿದ ಅಂಥ ಡಬ್ಬಿಗಳು ಇಂದು ಬ್ರಿಟನ್ನಿನ ಸಂಗ್ರಹಾಲಯಗಳಲ್ಲಿವೆ.