ಆರಿದ್ರಾ ಮಳೆಯೂ ಭೂಮಿಯ ಓರೆಯೂ

ಆಂಧ್ರದ ಆದೋನಿ, ಆಲೂರು, ಕೋಸಿಗಿ ಕಡೆಯ ಎರೆಭೂಮಿಯ ರೈತರು ಮಳೆಯನ್ನು ತಾರೀಖಿನಿಂದ ಎಣಿಸುವುದಕ್ಕಿಂತ ನಕ್ಷತ್ರದಿಂದ ಎಣಿಸುವುದೇ ಹೆಚ್ಚು. ರೋಹಿಣಿ, ಮಿರಗ, ಆರಿದ್ರಾ ಬಂದರೆ ಮುಂಗಾರು. ಉತ್ತರೆ, ಹಸ್ತ, ಚಿತ್ತೆಗೆ ಹಿಂಗಾರಿನ ಜೋಳದ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳೇ ಆ ಮಳೆಯ ಅವಧಿ. ಆದರೆ ಮಳೆ ತರುವುದು ನಕ್ಷತ್ರವಲ್ಲ, ಭೂಮಿಯ ಅಕ್ಷದ 23.4 ಡಿಗ್ರಿ ಓರೆ. ಮಳೆಯ ಹೆಸರು ಒಂದಕ್ಕೆ, ಮಳೆ ಇನ್ನೊಂದಕ್ಕೆ ಕಟ್ಟಿಕೊಂಡಿರುವುದರಿಂದ ಎರಡೂ ನಿಧಾನವಾಗಿ ದೂರ ಸರಿಯುತ್ತಿವೆ.

ಓರೆಯ ಕೆಲಸ ಆದೋನಿಯಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಊರು ಇರುವುದು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 3ರ ಸುಮಾರಿಗೊಮ್ಮೆ, ಆಗಸ್ಟ್ 9ರ ಸುಮಾರಿಗೊಮ್ಮೆ ಸೂರ್ಯ ನಡುನೆತ್ತಿಗೆ ಬರುತ್ತಾನೆ; ನೆಟ್ಟಗೆ ನೆಟ್ಟ ಗೂಟಕ್ಕೆ ಆ ನಡುಹಗಲು ನೆರಳಿಲ್ಲ. ಇವೆರಡರ ನಡುವೆ ಮೂರು ತಿಂಗಳು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಋತುಗಳಿಗೆ ಸೂರ್ಯನ ದೂರ ಕಾರಣವೆನ್ನುವವರು ಇದನ್ನು ಗಮನಿಸಬೇಕು: ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ಆದೋನಿಯ ಚಳಿಗಾಲದಲ್ಲಿ. ಅಕ್ಷ ಮೂರೇ ಡಿಗ್ರಿ ಓರೆಯಾಗಿರುವ ಗುರುಗ್ರಹದಲ್ಲಿ ಋತುಭೇದ ಇಲ್ಲವೆನ್ನುವಷ್ಟು ಕಡಿಮೆ. 25 ಡಿಗ್ರಿ ಓರೆಯ ಮಂಗಳದಲ್ಲಿ ನಮ್ಮಂತೆಯೇ ಋತುಗಳಿವೆ. ಶನಿಯ ಓರೆಯಲ್ಲಿ ಪಾಲು ಪಡೆದ ಅದರ ಚಂದ್ರ ಟೈಟಾನ್‌ನಲ್ಲಂತೂ ಒಂದೊಂದು ಋತು ಏಳು ವರ್ಷಕ್ಕೂ ಮೀರುತ್ತದೆ. ಹಾಗಾದರೆ ಸೂರ್ಯ ಎರಡು ಸಲ ನೆತ್ತಿಗೆ ಬರುವ ಆದೋನಿಗೆ ಎರಡು ಬೇಸಿಗೆ ಏಕಿಲ್ಲ? ಮೇ ತಿಂಗಳಲ್ಲಿ ಕಾದ ನೆಲವೇ ನೈರುತ್ಯದ ಗಾಳಿಯನ್ನು ಕರೆಸಿಕೊಳ್ಳುತ್ತದೆ, ಆಗಸ್ಟಿನ ಸೂರ್ಯನಿಗೆ ಮೋಡ ಅಡ್ಡವಾಗುತ್ತದೆ. ಆ ಗಾಳಿ ತನ್ನ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟದಲ್ಲೇ ಸುರಿದು ಬರುತ್ತದೆ ಎಂಬುದು ಈ ಸೀಮೆಯ ದುರದೃಷ್ಟ. ಓರೆ ಕಾಲವನ್ನು ಕೊಡುತ್ತದೆ, ನೀರಿನ ಪ್ರಮಾಣವನ್ನಲ್ಲ.

ಓರೆ ಹೆಚ್ಚುಕಡಿಮೆ ಹಾಗೇ ಇದ್ದರೂ ಅಕ್ಷ ತೋರುವ ದಿಕ್ಕು ತಿರುಗುತ್ತದೆ, ವೇಗ ಕಳೆದುಕೊಳ್ಳುವ ಬುಗುರಿಯ ಮೊಳೆಯಂತೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಹೀಗಾಗಿ ಋತುಗಳು ನಕ್ಷತ್ರಗಳ ಎದುರು ಸುಮಾರು 71 ವರ್ಷಕ್ಕೆ ಒಂದು ದಿನ ಹಿಂದೆ ಸರಿಯುತ್ತವೆ. ಸೂರ್ಯನ ಉತ್ತರದ ಪಯಣ ಹಿಂದೊಮ್ಮೆ ಆಶ್ಲೇಷದ ನಡುವೆ ಮುಗಿಯುತ್ತಿತ್ತು, ಈಗ ಕರ್ಕಾಟಕದ ಮೊದಲಲ್ಲಿ ಮುಗಿಯುತ್ತದೆ ಎಂದು ಖಗೋಳಜ್ಞ ವರಾಹಮಿಹಿರ 6ನೇ ಶತಮಾನದಲ್ಲೇ ಬರೆದಿದ್ದಾನೆ. ಅವನ ಕಾಲಕ್ಕೆ ಆ ತಿರುವಿನ ದಿನ ಸೂರ್ಯ ಪುನರ್ವಸುವಿನಲ್ಲಿರುತ್ತಿದ್ದ. ಇಂದು ಜೂನ್ 21ಕ್ಕೆ ಆರಿದ್ರೆಯ ಹೊಸ್ತಿಲಲ್ಲಿರುತ್ತಾನೆ.

ಇಷ್ಟಾದರೂ ನಕ್ಷತ್ರದ ಲೆಕ್ಕದಲ್ಲೇ ಬಿತ್ತನೆ ನಡೆದಿದೆಯಲ್ಲ ಎನ್ನಬಹುದು. ನಡೆದಿದೆ, ನಡೆಯುತ್ತದೆ ಕೂಡ. ಒಬ್ಬ ರೈತನ ಆಯುಷ್ಯದಲ್ಲಿ ಆಗುವ ವ್ಯತ್ಯಾಸ ಒಂದು ದಿನದ್ದು. ಮುಂಗಾರೇ ವರ್ಷದಿಂದ ವರ್ಷಕ್ಕೆ ವಾರಗಟ್ಟಲೆ ಹಿಂದುಮುಂದಾಗುವಾಗ ಅದು ಯಾವ ಲೆಕ್ಕ? ಮಳೆಯ ಹೆಸರನ್ನು ಹದಿನೈದು ದಿನದ ಗುರುತಾಗಿ ಬಳಸುವುದರಲ್ಲಿ ತಪ್ಪೇನಿಲ್ಲ. ಸಾವಿರ ವರ್ಷದ ಹಿಂದಿನ ಹೊಂದಿಕೆಯನ್ನು ಇಂದಿಗೂ ಹಾಗೇ ನಂಬುವುದಷ್ಟೇ ತಪ್ಪು. ವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ವರ್ಷವನ್ನು ಋತುಗಳಿಗೇ ಕಟ್ಟಬೇಕೆಂದು 1955ರಲ್ಲಿ ಹೇಳಿತು. ಸರ್ಕಾರ ಒಪ್ಪಿ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ತಂದಿತು. ಅದು ಹೊಲಕ್ಕೆ ಇಳಿಯಲಿಲ್ಲ. ಉತ್ತರಾಯಣ ಡಿಸೆಂಬರ್ 22ಕ್ಕೇ ಶುರುವಾದರೂ ನಾವು ಎಳ್ಳು ಬೀರುವುದು ಜನವರಿ ನಡುವಿನಲ್ಲೇ.